ದುರ್ಗಪ್ಪ ಆರಿಸಿದ ಟ್ರೈಪಾಡ್

ದಾಂಡೇಲಿಯ ಪರಸಪ್ಪನ ಹಳೇ ಟ್ರೈಪಾಡನ್ನು ನೋಡದವರಿಗೆ ಅದನ್ನು ವರ್ಣಿಸಿ ಹೇಳುವುದು ಕಷ್ಟ. ಕಾಗದದ ಮಿಲ್ಲಿನಲ್ಲಿ ವೆಲ್ಡರ್ ಆಗಿದ್ದ ಅವನ ಗೆಳೆಯ ದುರ್ಗಪ್ಪ, ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಾರದೆ, ಗುಜರಿ ಅಂಗಡಿಯಿಂದ ನೀರಿನ ಪೈಪು ತಂದು ಬೆಸೆದು ಮಾಡಿಕೊಟ್ಟದ್ದು ಅದು. ಮೂರು ಕಾಲು, ನಡುವೆ ಒಂದು ಕಂಬ, ತುದಿಗೆ ಕ್ಯಾಮೆರಾ ಕೂರಿಸಲು ಒಂದು ದಪ್ಪ ತಗಡು. ಕ್ಯಾಮೆರಾ ಏನು, ಹಳಿಯಾಳದ ಬಸ್‌ಸ್ಟ್ಯಾಂಡನ್ನೇ ಎತ್ತಿ ಅದರ ಮೇಲಿಟ್ಟಿದ್ದರೂ ತಡೆಯುತ್ತಿತ್ತು. ಒಮ್ಮೆ ಜೊಯಿಡಾ ಕಡೆಯ ಗುಡ್ಡದಲ್ಲಿ ಅದನ್ನು ಇಳಿಸಿದಾಗ ನೆಲದಿಂದ ನೀರು ಚಿಮ್ಮಿ, ಆ ಕೇರಿಯವರಿಗೆ ಬೋರ್‌ವೆಲ್ಲಿನ ಖರ್ಚು ಉಳಿಯಿತು ಎಂದು ಹೇಳುವವರಿದ್ದಾರೆ. ನೀರು ಚಿಮ್ಮಿದ್ದು ಸುಳ್ಳಿರಬಹುದು. ನೆಲ ಕುಸಿದದ್ದು ಮಾತ್ರ ನಿಜ.

ಅದನ್ನು ಹೊರುತ್ತಿದ್ದವನೂ ದುರ್ಗಪ್ಪನೇ. ‘ಮಾಡಿದಾಂವನೇ ಹೊರಬೇಕು’ ಎಂಬುದು ಅವನ ಕಾಯ್ದೆ. ಪ್ರತಿ ಭಾನುವಾರ ನಸುಕಿನಲ್ಲಿ ಇಬ್ಬರೂ ಜೊಯಿಡಾ ಬಸ್ಸು ಹತ್ತುತ್ತಿದ್ದರು. ಪರಸಪ್ಪನ ಕೊರಳಲ್ಲಿ ಕ್ಯಾಮೆರಾ, ದುರ್ಗಪ್ಪನ ಹೆಗಲ ಮೇಲೆ ಆ ಕಬ್ಬಿಣದ ಪ್ರಾಣಿ. ಹಿಂದಿನ ಬಾಗಿಲಿಂದ ಅದನ್ನು ಏರಿಸಿದರೆ ಬಸ್ಸಿನ ಮುಂದಿನ ಗಾಲಿ ಗೇಣುದ್ದ ಮೇಲೇಳುತ್ತಿತ್ತು.

“ಯಜಮಾನ್ರ, ಇದಕ್ಕ ಟಿಕೀಟ ತಗೀರಿ,” ಎನ್ನುತ್ತಿದ್ದ ಕಂಡಕ್ಟರ್.

“ಕಾಲು ಮೂರ ಅದಾವ, ಕೈ ಎಲ್ಲೆದಾವ? ಅಂಗವಿಕಲರ ಪಾಸ್ ಕೊಡೋ ತಮ್ಮಾ,” ಎನ್ನುತ್ತಿದ್ದ ದುರ್ಗಪ್ಪ.

ಪರಸಪ್ಪ ಕಲಘಟಗಿ ಕಡೆಯವನು. ಮೀಸೆ ಮೂಡುವ ಮೊದಲೇ ಮಿಲ್ಲಿಗೆ ಬಂದು, ಕಾಗದ ಕತ್ತರಿಸುವ ವಿಭಾಗದಲ್ಲಿ ಜೀವಮಾನವಿಡೀ ಬಿಳಿ ಬಣ್ಣ ನೋಡಿದವನು. ಬಿಟ್ಟೂ ಬಿಡದೆ ಬಿಳುಪು ನೋಡಿ ಅವನಿಗೆ ಕನಸುಗಳೂ ಖಾಲಿ ಹಾಳೆಗಳಂತೆ ಬೀಳುತ್ತಿದ್ದವಂತೆ. ಹಾಗಾಗಿ ನಿವೃತ್ತನಾದ ಮೇಲೆ ಬಣ್ಣದ ಹಸಿವು ಹತ್ತಿತು. ಹಳಿಯಾಳದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಅಳಿಯ ಈರೇಶನ ಹಳೇ ಕ್ಯಾಮೆರಾ ಹಿಡಿದು ಕಾಡಿನ ಹಕ್ಕಿಗಳ ಬೆನ್ನು ಬಿದ್ದ. ಒಳ್ಳೆಯ ಮನುಷ್ಯ. ಸುಳ್ಳು ಹೇಳಿದರೆ ಅವನ ಕಿವಿ ಎರಡೂ ಬ್ಯಾಡಗಿ ಮೆಣಸಿನಕಾಯಿ ಆಗುತ್ತಿದ್ದವು. ಅದಕ್ಕೇ ಸುಳ್ಳಿನ ರೂಢಿಯೇ ಅವನಿಗಿರಲಿಲ್ಲ.

ಸುಳ್ಳು ಹೇಳದ ಆ ವ್ರತ ತಪ್ಪಿದ್ದು ಕಳೆದ ದೀಪಾವಳಿಗೆ. ಹೊಸ ಕ್ಯಾಮೆರಾ ಕೊಂಡ ಈರೇಶ ತಾನು ಬಳಸಿದ ಮಿರರ್‌ಲೆಸ್ ಕ್ಯಾಮೆರಾವನ್ನು ಮಾವನ ಕೈಗಿಟ್ಟ. ಹೊಟ್ಟೆಯೊಳಗಿನ ಕನ್ನಡಿ ತೆಗೆಸಿಕೊಂಡು ಮೈ ಇಳಿಸಿಕೊಂಡ ಜಾತಿ ಅದು. ಹಳೆಯದರ ಅರ್ಧ ತೂಕವೂ ಇರಲಿಲ್ಲ.

“ಮಾಮಾ, ಇದರ ಬುಡಕ ಆ ಕಬ್ಬಿಣದ್ದ ಇಟ್ರ ಗುಬ್ಬಿ ಕುಂಡ್ರಾಕ ಗೋಪುರ ಕಟ್ಟಿದಂಗ ಆಕ್ಕೈತಿ. ಒಂದ ಹಗೂರ ಟ್ರೈಪಾಡ್ ತಗೋರಿ. ಬ್ಯಾಗಿನ್ಯಾಗ ಹಾಕ್ಕೊಂಡು ನೀವೊಬ್ಬರ ಗುಡ್ಡಾ ಹತ್ತಬಹುದು,” ಎಂದ ಈರೇಶ.

‘ನೀವೊಬ್ಬರ’ ಎಂಬ ಮಾತು ಪರಸಪ್ಪನ ಕಿವಿಯಲ್ಲಿ ಬೆಲ್ಲದಂತೆ ಕರಗಿತು. ಕರಗಿದ ಮರುಗಳಿಗೆಯೇ ಹಲ್ಲಿಗೆ ಕಲ್ಲು ಸಿಕ್ಕಂತಾಯಿತು. ಭಾನುವಾರದ ಆ ಗುಡ್ಡದ ಮೇಲೆ ಒಂದು ಬಸರಿ ಮರ. ಅದರ ಹಣ್ಣಿಗೆ ಸೂರ್ಯ ಹುಟ್ಟುವ ಹೊತ್ತಿಗೆ ಮಂಗಟ್ಟೆ ಹಕ್ಕಿಗಳು ಬರುತ್ತವೆ. ದುರ್ಗಪ್ಪ ಕಬ್ಬಿಣ ಹೊತ್ತು, ಹೆಜ್ಜೆಗೊಮ್ಮೆ ಉಸ್ಸೆಂದು, ಮಾರಿಗೊಮ್ಮೆ ಕೂತು, ಕೂತಾಗ ಮಿಲ್ಲಿನ ಹಳೇ ಕಥೆ ತೆಗೆದು, ಇಬ್ಬರೂ ಮೇಲೆ ಮುಟ್ಟುವ ಹೊತ್ತಿಗೆ ಹಕ್ಕಿಗಳು ಉಂಡು ಕೈತೊಳೆದು ಹೊರಟು ನಿಂತಿರುತ್ತಿದ್ದವು. ಪರಸಪ್ಪನಿಗೆ ಸಿಗುತ್ತಿದ್ದುದು ಬರೀ ಬಾಲ. ಒಬ್ಬನೇ ಹೋದರೆ ಮುಖ ಸಿಕ್ಕೀತು. ಆದರೆ ಟ್ರೈಪಾಡ್ ಹಗುರಾದರೆ ದುರ್ಗಪ್ಪನಿಗೆ ಕೆಲಸವಿಲ್ಲ, ಕೆಲಸವಿಲ್ಲದೆ ದುರ್ಗಪ್ಪ ಎಲ್ಲಿಗೂ ಬರುವವನಲ್ಲ. ಬೀಗರ ಮನೆಗೆ ಉಣ್ಣಲು ಕರೆದರೂ ಇಕ್ಕಳ ಜೇಬಿನಲ್ಲಿಟ್ಟುಕೊಂಡು ಹೋಗಿ ಅವರ ನಲ್ಲಿ ರಿಪೇರಿ ಮಾಡಿಯೇ ಎಲೆಯ ಮುಂದೆ ಕೂರುವ ಗಿರಾಕಿ.

ಗುಟ್ಟಾಗಿ ಹುಬ್ಬಳ್ಳಿಗೆ ಹೋಗಿ ಕೊಂಡು ತರೋಣವೆಂದು, ಹೆಂಡತಿ ಶಂಕ್ರೆವ್ವನಿಗಷ್ಟೇ ಹೇಳಿ ಪರಸಪ್ಪ ಬಸ್‌ಸ್ಟ್ಯಾಂಡಿಗೆ ಹೋದರೆ, ಬಸ್ಸಿನ ಕಿಟಕಿ ಪಕ್ಕ ದುರ್ಗಪ್ಪನೇ ಕೂತಿದ್ದ.

“ಬಾರೋ ಪರಸ್ಯಾ. ಹುಬ್ಬಳ್ಳಿಗೆ ಹೊಂಟೀ ಅಂತ ಶಂಕ್ರೆವ್ವ ಅಂದ್ಲು. ನಿನಗ ಸೀಟ ಹಿಡದೀನಿ. ಏನ ಕೆಲಸ?”

“ಹಗೂರ ಟ್ರೈಪಾಡ್ ತರಾಕ... ಅಳ್ಯಾಗ,” ಎಂದುಬಿಟ್ಟ ಪರಸಪ್ಪ. ಕಿವಿ ಕಾದವು.

“ಮದವಿ ಫೋಟೋ ತಗಿಯಾಂವಗ ಹಗೂರದ್ದು ಯಾಕಬೇಕು?”

“ಈಗಿನ ಮಂದಿ ತಾಳಿ ಕಟ್ಟೂಕಿಂತ ಮೊದಲ ಗುಡ್ಡಾ ಹತ್ತಿ ಫೋಟೋ ತಗಸ್ಕೊಂತಾರ.”

“ಕಟ್ಟಿದ ಮ್ಯಾಲ ಹತ್ತೂದು ಇದ್ದ ಐತಿ, ಇಷ್ಟ ಅವಸರ ಯಾಕೋ!” ಎಂದು ದುರ್ಗಪ್ಪ ಬಸ್ಸೆಲ್ಲ ಕೇಳುವಂತೆ ನಕ್ಕ.

ಅಂಗಡಿಯಲ್ಲಿ ಶೈಲಾ ಎಂಬ ಹುಡುಗಿ ಮೂರು ಟ್ರೈಪಾಡು ತಂದು ಸಾಲಾಗಿ ನಿಲ್ಲಿಸಿದಳು. ದುರ್ಗಪ್ಪ ಕನ್ನಡಕ ಏರಿಸಿದ. ಮಗಳಿಗೆ ಗಂಡು ನೋಡುವಾಗಲೂ ಅವನು ಅಷ್ಟು ಹೊತ್ತು ನೋಡಿರಲಿಲ್ಲ. ಮೊದಲನೆಯದು ಐದು ಮಡಿಕೆಯದು, ಮಡಿಸಿದರೆ ಲಟ್ಟಣಿಗೆಯಷ್ಟೇ.

“ಕಡೀ ಮಡಿಕಿ ನೋಡು, ಬಳಪದ ಕಡ್ಡಿ ಆಗೈತಿ. ಗಾಳಿ ಬಿಟ್ರ ನಿನ್ನ ಅಳಿಯಾ ಕ್ಯಾಮೆರಾ ಹುಡುಕ್ಕೋತ ಗೋವಾಕ್ಕ ಹೋಗಬೇಕು.”

ಎರಡನೆಯದು ಅಲ್ಯುಮಿನಿಯಮ್ಮಿನದು. ಅದನ್ನೆತ್ತಿ, “ಇದು ಹಗೂರ ಅಲ್ಲವ್ವಾ, ಹಗೂರ ಅಂತ ಹೆಸರಿಟ್ಟಾರ,” ಎಂದು ಕೆಳಗಿಟ್ಟ. ಮೂರನೆಯದು ಕಾರ್ಬನ್ ಫೈಬರಿನದು, ನಾಲ್ಕು ಮಡಿಕೆ, ಕಿಲೋ ಮೇಲೆ ಚೂರು ತೂಕ. ಕಾಲುಗಳ ಬಿಗಿ ತಿರುವಿ ನೋಡಿದ. ಮೇಲಿನಿಂದ ಅಂಗೈ ಊರಿ ಅದುಮಿದ. ಒಂದು ಕಾಲಿಗೆ ಬೆರಳಿಂದ ಟಕ್ಕೆಂದು ಹೊಡೆದು, ತುದಿಯ ನಡುಕ ನಿಲ್ಲುವವರೆಗೆ ಉಸಿರು ಬಿಗಿಹಿಡಿದ.

“ಅಂಕಲ್, ನಡುವಿನ ಕಂಬಾ ಎತ್ತಿದ್ರ ಇನ್ನೂ ಎತ್ತರ ಆಗತೈತ್ರಿ,” ಎಂದಳು ಶೈಲಾ.

“ಅದನ್ನ ಎತ್ತಿದ್ರ ಮೂರು ಕಾಲಿಂದು ಹೋಗಿ ಒಂಟಿಕಾಲಿಂದ ಆಕ್ಕೈತವ್ವಾ. ಎತ್ತದನ ಕ್ಯಾಮೆರಾ ಕಣ್ಣಿನ ಸಮಕ್ಕ ಬರಬೇಕು. ಪರಸ್ಯಾ, ಅಳಿಯಾ ನಿನ್ನಷ್ಟ ಉದ್ದ ಅದಾನಲ್ಲ? ನಿಲ್ಲಿಲ್ಲೆ, ಕಣ್ಣ ಹಚ್ಚು.”

ಶೈಲಾ ತುದಿಗೆ ಅಂಗಡಿಯ ಕ್ಯಾಮೆರಾ ಕೂರಿಸಿದಳು, ಪರಸಪ್ಪ ಕಣ್ಣು ಹಚ್ಚಿದ. ಸರಿಯಾಗಿ ಅವನ ಕಣ್ಣಿಗೇ ಅಳತೆ ಕೊಟ್ಟು ಹೊಲಿಸಿದಂತಿತ್ತು. ಕಿವಿ ಎಷ್ಟು ಕೆಂಪಾದವೆಂದರೆ ಶೈಲಾ ಫ್ಯಾನಿನ ವೇಗ ಹೆಚ್ಚಿಸಿದಳು.

“ಇದನ್ನ ಕಟ್ಟವ್ವಾ,” ಎಂದ ದುರ್ಗಪ್ಪ. “ನಮ್ಮ ಈರೇಶ ಜೀವನಪೂರ್ತಿ ನೆನಸಬೇಕು ನನ್ನ.”

ಮರಳುವಾಗ ಅದು ಕುಲುಕಬಾರದೆಂದು ಎಳೆಗೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡ. ಹಳಿಯಾಳ ಬಂತು. “ಈರೇಶನ ಸ್ಟುಡಿಯೋ ಇಲ್ಲೇ ಐತಲ್ಲ, ಇಳಿದು ಕೊಟ್ಟ ಹೋಗೂಣು ಏಳು,” ಎಂದ.

“ಅಂವ ಇವತ್ತ ತೇರಗಾಂವಕ್ಕ ಮದವಿಗೆ ಹೋಗ್ಯಾನ. ಅಂಗಡಿ ಬಂದ್,” ಎಂದ ಪರಸಪ್ಪ.

ಬಸ್ಸು ಸ್ಟುಡಿಯೋ ಮುಂದೆಯೇ ಹಾಯ್ದು ಹೋಯಿತು. ಬಾಗಿಲಲ್ಲಿ ಈರೇಶ ಕಪ್ಪು ಹಿಡಿದು ಚಹಾ ಕುಡಿಯುತ್ತ ನಿಂತಿದ್ದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪರಸಪ್ಪ ಹೆಗಲಲ್ಲ, ಇಡೀ ಮೈಯನ್ನೇ ಕಿಟಕಿಗೆ ಅಡ್ಡ ಹಾಕಿ, ಅದುವರೆಗೆ ಬಾರದ ಕೆಮ್ಮನ್ನೆಲ್ಲ ಒಮ್ಮೆಲೇ ಕೆಮ್ಮಿದ.

ಆ ಭಾನುವಾರ ಮೊಣಕಾಲು ನೋವೆಂದ. ಮುಂದಿನ ಭಾನುವಾರವೂ ಅಂದ. ನಡುವಿನ ಗುರುವಾರ ನಸುಕಿನಲ್ಲಿ ಬ್ಯಾಗು ಬೆನ್ನಿಗೇರಿಸಿ ಬೆಕ್ಕಿನ ಹೆಜ್ಜೆಯಲ್ಲಿ ಹೊರಬಿದ್ದರೆ, ಬಾಗಿಲಲ್ಲಿ ಹೆಂಡತಿ ಶಂಕ್ರೆವ್ವ.

“ದುರ್ಗಣ್ಣ ಕೇಳಿದ್ರ ನಾ ಸುಳ್ಳ ಹೇಳಂಗಿಲ್ಲ ನೋಡ್ರಿ. ಅಂವ ಕೇಳದಂಗ ನೋಡ್ಕೋರಿ,” ಎಂದಳು.

ಗುಡ್ಡವನ್ನು ಪರಸಪ್ಪ ಹಾರಿಕೊಂಡೇ ಹತ್ತಿದ. ಬೆನ್ನ ಮೇಲೆ ಏನೂ ಇಲ್ಲದಂತಿತ್ತು. ಸೂರ್ಯ ಹುಟ್ಟುವ ಮೊದಲೇ ಬಸರಿ ಮರದ ಎದುರು ಟ್ರೈಪಾಡ್ ಹೂಡಿ ಕೂತ. ಹಕ್ಕಿ ಬಂತು, ಕೊಕ್ಕಿನ ಮೇಲೊಂದು ಕೊಕ್ಕು ಹೊತ್ತು, ಹಣ್ಣನ್ನು ಮೇಲಕ್ಕೆಸೆದು ನುಂಗಿತು. ಹಣ್ಣು ಗಾಳಿಯಲ್ಲಿದ್ದಾಗಲೇ ಪರಸಪ್ಪ ಒತ್ತಿದ. ಆ ಕಾಡಿನಲ್ಲಿ ಅಂಥ ಫೋಟೋ ಯಾರಿಗೂ ಸಿಕ್ಕಿರಲಿಲ್ಲ. ಹಕ್ಕಿಯ ಕಣ್ಣಿನ ರೆಪ್ಪೆಗೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. “ಲೇ ದುರ್ಗ್ಯಾ, ನೋಡಲೇ!” ಎಂದು ತಿರುಗಿದ. ಹಿಂದೆ ಯಾರೂ ಇರಲಿಲ್ಲ.

ಆ ಫೋಟೋ ಸಿಕ್ಕ ಮೇಲೆ ಅವನಿಗೆ ಅನ್ನ ಸೇರಲಿಲ್ಲ. ತೋರಿಸಬೇಕಾದವನಿಗೆ ತೋರಿಸುವಂತಿರಲಿಲ್ಲ, ಉಳಿದವರಿಗೆ ತೋರಿಸಿದರೆ ರುಚಿಯಿರಲಿಲ್ಲ. ಸಾಲದ್ದಕ್ಕೆ ಸಂಜೆಯಾದರೆ ದುರ್ಗಪ್ಪ ಬರತೊಡಗಿದ. ಅವನ ಹೆಂಡತಿ ಮಾಲವ್ವ ಏನೇನೋ ಬೇರು ಕುದಿಸಿ ಎಣ್ಣೆ ಮಾಡಿಕೊಟ್ಟಿದ್ದಳು. ಅದನ್ನು ತಂದು, ಪರಸಪ್ಪನ ಕಾಲನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಕಬ್ಬಿಣ ಬಗ್ಗಿಸಿದ ಕೈಯಿಂದ ತಿಕ್ಕುತ್ತಿದ್ದ. ಗಟ್ಟಿಮುಟ್ಟಾಗಿದ್ದ ಮೊಣಕಾಲು ನಾಲ್ಕೇ ದಿನದಲ್ಲಿ ನಿಜವಾಗಿ ನೋಯತೊಡಗಿತು. ನೋವಾದಷ್ಟೂ ದುರ್ಗಪ್ಪ ಇನ್ನಷ್ಟು ತಿಕ್ಕುತ್ತಿದ್ದ.

“ಎಡಗಾಲು ಅಂದಿದ್ದಿಯಲ್ಲ, ಬಲಗಾಲ ಯಾಕ ಕೊಟ್ಟಿ ಇವತ್ತ?” ಎಂದ ಒಂದು ದಿನ. “ಇರಲಿ ತಗೋ, ಎರಡೂ ತಿಕ್ಕತೇನಿ. ನೀ ಗುಣಾ ಆಗೂತನಕ ನಾನೂ ಮನೀ ಬಿಟ್ಟಿಲ್ಲ. ನೀ ಇಲ್ದ ಗುಡ್ಡಕ್ಕ ಹೋಗಿ ಏನ ಮಾಡ್ಲಿ?”

ಪರಸಪ್ಪನಿಗೆ ತಡೆಯಲಾಗಲಿಲ್ಲ. ಕಾಲು ಎಳೆದುಕೊಂಡ. “ದುರ್ಗಪ್ಪಾ, ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಟ್ರೈಪಾಡ್ ಅಳ್ಯಾಗ ಅಲ್ಲ, ನನಗ. ನಾ ಒಬ್ಬನ ಹೋಗಿಬಂದೆ.”

ಪೂರ್ತಿ ಹೆಸರು ಹಿಡಿದು ಅವನನ್ನು ಕರೆದದ್ದು ಅವನ ಮದುವೆಗೆ ಅಕ್ಷತೆ ಹಾಕಿದ ದಿನದ ನಂತರ ಅದೇ ಮೊದಲು. ದುರ್ಗಪ್ಪ ಬೈಯುತ್ತಾನೆಂದು ಪರಸಪ್ಪ ಕಾದ. ಬೈದಿದ್ದರೆ ಪುಣ್ಯ ಬರುತ್ತಿತ್ತು. ಅವನು ಎಣ್ಣೆಗೈಯನ್ನು ಟವೆಲ್ಲಿಗೆ ಒರೆಸಿಕೊಂಡು, ಬಾಟಲಿಯ ಮುಚ್ಚಳ ತಿರುಗಿಸಿ, ಹಿತ್ತಲಿಗೆ ಹೋಗಿ ಕಬ್ಬಿಣದ ಟ್ರೈಪಾಡನ್ನು ಹೆಗಲಿಗೇರಿಸಿ ಹೊರಟುಹೋದ. ಎಣ್ಣೆಯ ಬಾಟಲಿಯನ್ನು ಬಿಟ್ಟೇ ಹೋಗಿದ್ದ.

ವಾರ ಕಳೆಯಿತು. ದುರ್ಗಪ್ಪ ಚಹಾದಂಗಡಿಗೂ ಬರಲಿಲ್ಲ. ಕೊನೆಗೆ ಪರಸಪ್ಪನೇ ಅವನ ಮನೆಗೆ ಹೋದ. ಅಂಗಳದಲ್ಲಿ ದುರ್ಗಪ್ಪ ಬೆನ್ನು ತಿರುಗಿಸಿ ಕೂತು ಬಕೆಟ್ಟಿನ ಹಿಡಿಕೆ ಬೆಸೆಯುತ್ತಿದ್ದ.

“ಭಾನುವಾರ ಹೋಗೂಣು ಬಾ,” ಎಂದ ಪರಸಪ್ಪ.

“ಹೊರಾಕ ಏನೈತಿ?”

“ಏನೂ ಇಲ್ಲ. ಸುಮ್ಮನ ಬಾ.”

“ಸುಮ್ಮನ ಕೈಬೀಸ್ಕೋತ ಬರಾಕ ನಾ ಏನ ಸಾಹೇಬನೇನು?”

ಒಳಗಿನಿಂದ ಮಾಲವ್ವ ಬಂದಳು. “ಕರಕೊಂಡ ಹೋಗ್ರಿ ಅಣ್ಣಾರ, ನಿಮ್ಮ ಕಾಲಿಗೆ ಬೀಳತೇನಿ. ಮನ್ಯಾಗಿನ ಪಾತ್ರಿ ಎಲ್ಲಾ ಒಂದಕ್ಕೊಂದು ಬೆಸದಾರ. ನಿನ್ನೆ ಚಾದ ಪಾತ್ರಿ ಎತ್ತಿದ್ರ ಅದರ ಹಿಂದ ಕುಕ್ಕರೂ ಬಂತು.”

ದುರ್ಗಪ್ಪ ನಗಲಿಲ್ಲ. ಆದರೆ ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿದ್ದ.

ಗುಡ್ಡದ ಹಾದಿಯಲ್ಲಿ ಅವನ ಬರಿಗೈಗಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಒಮ್ಮೆ ಬೆನ್ನ ಹಿಂದೆ ಕಟ್ಟಿದ, ಒಮ್ಮೆ ಜೇಬಿಗಿಳಿಸಿದ, ಒಮ್ಮೆ ರೂಢಿಯಂತೆ ಹೆಗಲ ಮೇಲೆ ಹಿಡಿದುಕೊಂಡ. ಭಾರವಿಲ್ಲದ ಕಾಲುಗಳು ಮಾತ್ರ ಜಿಂಕೆಯಂತೆ ಏರಿದವು. ಉಸಿರು ಬಿಡುತ್ತ ಹಿಂದುಳಿದವನು ಪರಸಪ್ಪ. ಕ್ಷಮೆ ಕೇಳುವ ಮಾತನ್ನು ಬಾಯಲ್ಲಿಟ್ಟುಕೊಂಡೇ ಅವನು ಮರದವರೆಗೆ ಬಂದ.

ಟ್ರೈಪಾಡ್ ಹೂಡುತ್ತಿದ್ದಾಗ ಕಣಿವೆಯ ಕಡೆಯಿಂದ ಭುಸ್, ಭುಸ್ ಎಂದು ರೆಕ್ಕೆ ಸಪ್ಪಳ ಬಂತು. ದುರ್ಗಪ್ಪ ತಲೆಯೆತ್ತಿದ. ಮಂಗಟ್ಟೆ ಅವರ ನೆತ್ತಿಯ ಮೇಲೆಯೇ ಹಾಯ್ದು, ಬಸರಿಯ ಕೊಂಬೆ ಬಗ್ಗುವಂತೆ ಕೂತಿತು. ಅವನ ಬಾಯಿ ತೆರೆದೇ ಉಳಿಯಿತು.

“ಯಪ್ಪಾ, ಇಷ್ಟ ದೊಡ್ಡದೇನೋ ಇದು?” ಎಂದ ಪಿಸುದನಿಯಲ್ಲಿ. “ನಿನ್ನ ಫೋಟೋದಾಗ ಕಾಗಿಯಷ್ಟ ಇತ್ತಲ್ಲೋ!”

“ಲೇ, ಇಷ್ಟ ವರ್ಷ ನನ್ನ ಜೋಡಿ ಬಂದು ನೋಡಿಲ್ಲೇನ ನೀನು?”

“ಎಲ್ಲಿಂದ ನೋಡ್ಲಿ? ಹತ್ತುವಾಗ ಹೆಗಲ ಮ್ಯಾಲ ಅದು, ಕುತಗಿ ಮ್ಯಾಲೆ ಏಳತಿದ್ದಿಲ್ಲ. ಬಂದ ಮ್ಯಾಲ ಇಳಿಜಾರಿನ್ಯಾಗ ಅದರ ಕಾಲ ಹಿಡಕೊಂಡ ಕುಂಡ್ರತಿದ್ದೆ. ನೀ ಅಲುಗಾಡಬ್ಯಾಡ ಅಂತಿದ್ದಿ. ನಾ ಅಲುಗಾಡಲಿಲ್ಲ.” ಅವನ ದನಿಯಲ್ಲಿ ದೂರು ಇರಲಿಲ್ಲ. “ಈ ಸಪ್ಪಳ ಕೇಳೀನಿ. ಮಿಲ್ಲಿನ್ಯಾಗ ಸ್ಟೀಮ್ ಬಿಟ್ರು ಅಂತ ತಿಳಕೊಂಡಿದ್ದೆ.”

ಒಬ್ಬನೇ ಬಂದ ಒಂದು ಗುರುವಾರಕ್ಕಾಗಿ ಪರಸಪ್ಪ ಅಷ್ಟು ದಿನ ಕೊರಗಿದ್ದ. ಜೊತೆಗೆ ಬಂದ ಭಾನುವಾರಗಳ ಬಗ್ಗೆ ಅವನಿಗೆ ಯೋಚನೆಯೇ ಬಂದಿರಲಿಲ್ಲ. ಆ ತಪ್ಪಿಗೆ ಯಾವ ಕ್ಷಮೆ ಕೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂಬುದೇ ಹೊಳೆಯಲಿಲ್ಲ. ಕ್ಯಾಮೆರಾದ ಮುಂದಿನಿಂದ ಸರಿದು, “ಕಣ್ಣ ಹಚ್ಚು,” ಎಂದ.

ದುರ್ಗಪ್ಪ ಕನ್ನಡಕ ತೆಗೆದು ಕಣ್ಣು ಹಚ್ಚಿದ. ಅಷ್ಟರಲ್ಲಿ ಕಣಿವೆಯ ಗಾಳಿ ಏರಿತು. ಹಗುರಾದ ಟ್ರೈಪಾಡ್ ಸಣ್ಣಗೆ ನಡುಗಿತು.

“ಹಕ್ಕಿ ಕುಣೀತೈತಲ್ಲೋ. ಹಿಡಕೊ ಅದನ್ನ.”

ಪರಸಪ್ಪ ಕುಕ್ಕರಗಾಲಲ್ಲಿ ಕೂತು, ಟ್ರೈಪಾಡಿನ ಕಾಲುಗಳನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಕಣ್ಣಿನ ಮುಂದೆ ಒಣ ಎಲೆ, ಒಂದಿಷ್ಟು ಇರುವೆ, ದುರ್ಗಪ್ಪನ ಸವೆದ ಚಪ್ಪಲಿ.

“ಇನ್ನೊಂದ ಬಂತಲೇ! ಹೆಣ್ಣಿರಬೇಕು,” ಎಂದ ದುರ್ಗಪ್ಪ ಮೇಲಿನಿಂದ. “ಪರಸ್ಯಾ, ಅಲುಗಾಡಬ್ಯಾಡ.”

ಭುಸ್, ಭುಸ್ ಎಂದು ತಲೆಯ ಮೇಲೆ ಹಾಯುವುದು ಕೇಳಿಸಿತು. ಪರಸಪ್ಪ ತಲೆ ಎತ್ತಲಿಲ್ಲ.