ಅಂಗಿ ಬದಲಿಸಿದ ಕೇಕು

ಬೇಕರಿಯ ಹಿಂಬದಿಯ ಕೋಣೆಯಲ್ಲಿ ಗುಲಾಬಿ ಅಕ್ಕ ಒಂದು ಹಳೇ ಕೇಕಿನ ಮೈಮೇಲಿನ ಕ್ರೀಮನ್ನು ಚಪ್ಪಟೆ ಚಾಕುವಿನಿಂದ ಕೆರೆದು ಬಕೆಟ್ಟಿಗೆ ಬೀಳಿಸುತ್ತಿದ್ದಳು. ಯಾರದೋ ಸಮಾರಂಭ ರದ್ದಾಗಿ ವಾಪಸ್ ಬಂದಿದ್ದ ಕೇಕು ಅದು. ಕೆಲವು ದಿನ ತಣ್ಣನೆ ಪೆಟ್ಟಿಗೆಯಲ್ಲಿ ಕೂತು, ಮೇಲಿನ ಬಿಳಿ ಕ್ರೀಮು ನೀರಲ್ಲಿ ಬಿಟ್ಟ ಸೋಪಿನ ಹಾಗೆ ಲೋಳೆಯಾಗಿತ್ತು. ಒಳಗಿನ ಕೇಕು ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ಯಾವುದೋ ಮಗು ಬೆರಳು ತೂರಿಸಿ ತಿಂದು ಮಾಡಿದ ಗುಳಿಯೂ ಇತ್ತು.

ಆ ಅಂಗಡಿಯಲ್ಲಿ ಈ ಕೆಲಸಕ್ಕೆ ‘ಅಂಗಿ ಬದಲಿಸೋದು’ ಅನ್ನುತ್ತಿದ್ದರು. ಹಳೇ ಕ್ರೀಮು ಕೆರೆಯುವುದು, ಒಣಗಿದ ಕೇಕಿಗೆ ಸಕ್ಕರೆ ನೀರು ಕುಡಿಸುವುದು, ಹೊಸ ಕ್ರೀಮು ಬಳಿದು ಮುಂದಿನ ಗಾಜಿನ ಕಪಾಟಿಗೆ ಕಳಿಸುವುದು. ಕ್ರೀಮಿನಲ್ಲಿ ಅವಳಷ್ಟು ಚೆಂದದ ಗುಲಾಬಿ ಅರಳಿಸುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳಿಗೆ ಆ ಹೆಸರು ಬಿತ್ತು. ಅದೇ ಕಾರಣಕ್ಕೆ ಅಂಗಿ ಬದಲಿಸುವ ಕೆಲಸವೂ ಅವಳ ತಲೆಗೇ ಬಿತ್ತು.

“ಹುಳಿ ವಾಸನೆ ಬರ್ತಿದೆ ಯಜಮಾನ್ರೇ,” ಅಂದಳು.

ಬಾಗಿಲಲ್ಲಿ ನಿಂತಿದ್ದ ಯಜಮಾನ ಒಳಗೆ ಕಾಲಿಡಲಿಲ್ಲ. “ನಿಮ್ಮ ಮೂಗು ಭಾರೀ ಚುರುಕು ಕಣಕ್ಕಾ. ತಿನ್ನೋರೇನು ಮೂಗಲ್ಲಿ ತಿಂತಾರಾ? ವೆನಿಲ್ಲಾ ಎಸೆನ್ಸ್ ಸ್ವಲ್ಪ ಜಾಸ್ತಿ ಹಾಕಿ. ಸಂಜೆ ಬಂದು ತಗೊಂಡು ಹೋಗ್ತಾರೆ.”

“ಏನಂತ ಬರೀಲಿ?”

“‘ಅಮ್ಮನಿಗೆ’ ಅಂತ. ಅಷ್ಟೇ ಸಾಕಂತೆ, ಹೆಸರು ಬೇಡವಂತೆ. ಫೋನಲ್ಲೇ ಹೇಳಿದ್ರು.”

ಅವಳು ಗುಳಿಗೆ ಕ್ರೀಮು ತುಂಬಿ, ಅದು ಕಾಣದ ಹಾಗೆ ಮೇಲೊಂದು ದೊಡ್ಡ ಗುಲಾಬಿ ಕೂರಿಸಿದಳು. ಒಂದು ಎಸಳು ಹರಿಯಿತು. ಅದನ್ನು ಮುಚ್ಚಲು ಹಸಿರು ಎಲೆಯೊಂದನ್ನು ಎಡಕ್ಕೆ ಬಾಗಿಸಿ ಅಂಟಿಸಿದಳು. ಒಲೆಯ ಮುಂದಿದ್ದವನು ತಟ್ಟೆ ಎಳೆಯುತ್ತಾ ಇಣುಕಿ ನೋಡಿದ.

“ಯಾರಮ್ಮನೋ ಅದೃಷ್ಟವಂತೆ ಬಿಡಕ್ಕಾ!”

“ಸುಮ್ನಿರಪ್ಪಾ. ನನಗೇ ವಾಕರಿಕೆ ಬರ್ತಿದೆ,” ಅಂದಳು.

ಅವತ್ತು ಅವಳದ್ದೂ ಹುಟ್ಟಿದ ದಿನ. ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ, ಹೇಳುವ ಆಸೆಯೂ ಇರಲಿಲ್ಲ. ಹುಟ್ಟುಹಬ್ಬ ಅಂದರೆ ಅವಳಿಗೆ ಉಗುರಿನ ಸಂದಿಯಲ್ಲಿ ಕೂತ ಜಿಡ್ಡು, ಎಷ್ಟು ತೊಳೆದರೂ ಕೂದಲಿನಿಂದ ಹೋಗದ ವಾಸನೆ. ಬಸ್ಸಿನಲ್ಲಿ ಪಕ್ಕದವರು “ಏನೋ ಘಮಘಮ ಅಂತಿದೆಯಲ್ಲಾ” ಅಂತ ಮೂಗರಳಿಸಿದರೆ ಅವಳು ಕಿಟಕಿಯ ಕಡೆ ತಿರುಗುತ್ತಿದ್ದಳು. ಗಿರಾಕಿಗಳು ಖುಷಿಯಿಂದ ಮೊಬೈಲು ಚಾಚಿ ಫೋಟೋ ತೋರಿಸುತ್ತಿದ್ದರು. ಅರ್ಧ ಬೆಳಗು ಕೂತು ಮಾಡಿದ ಹೂವು ಯಾವನದೋ ಕಿವಿಯೊಳಗೆ, ಮೂಗಿನ ಹೊಳ್ಳೆಯಲ್ಲಿ, ಅಂಗಿಯ ಕಾಲರಿನಲ್ಲಿ ಮೆತ್ತಿಕೊಂಡಿರುತ್ತಿತ್ತು. ಎಲ್ಲರೂ ಹಲ್ಲು ಕಿರಿಯುತ್ತಿದ್ದರು. ಅದನ್ನೆಲ್ಲ ನೋಡೀ ನೋಡೀ ಅವಳು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಳು. ಮನೆಗೆ ಕೇಕು ತರಬಾರದು ಅಂತ ಕಟ್ಟಪ್ಪಣೆ ಮಾಡಿದ್ದಳು.

ಮಗಳು ಮಾತ್ರ ಶಾಲೆಗೆ ಹೋಗುವಾಗಿನಿಂದ ಗೆಳತಿಯರಿಗೆ ಆ ಗಾಜಿನ ಕಪಾಟು ತೋರಿಸಿ “ಇದೆಲ್ಲ ನಮ್ಮಮ್ಮನ ಕೈಯದ್ದು” ಅಂತ ಮೆರೆದವಳು. ಅವಳಿಗೆ ಅಂಗಿಯ ವಿಷಯ ಗೊತ್ತಿರಲಿಲ್ಲ. ತಾಯಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಸಂಜೆ ಗುಲಾಬಿ ಅಕ್ಕ ಮನೆಯ ಮೆಟ್ಟಿಲು ಹತ್ತಿದಾಗ ಒಳಗೆ ದೀಪ ಆರಿತ್ತು. ಬಾಗಿಲು ತೆಗೆಯುತ್ತಿದ್ದಂತೆ ದೀಪ ಹತ್ತಿ ಎಲ್ಲರೂ ಒಟ್ಟಿಗೆ ಕೂಗಿದರು. ಮಗಳು, ಅಳಿಯ, ಕುರ್ಚಿಯ ಮೇಲೆ ನಿಂತ ಪುಟ್ಟ ಮೊಮ್ಮಗಳು, ಮೂಲೆಯಲ್ಲಿ ತಪ್ಪು ಮಾಡಿದವನ ಮುಖ ಹೊತ್ತು ಕೂತ ಗಂಡ. ಮೇಜಿನ ಮೇಲೆ ಅಂಗಡಿಯದೇ ಡಬ್ಬ.

“ಬೈಬೇಡಮ್ಮಾ, ಇದೊಂದು ಸಲ,” ಅಂದಳು ಮಗಳು. “ನಿನ್ನ ಕೈಯಲ್ಲೇ ಮಾಡಿಸಬೇಕು ಅಂತ ಹಟ ನಂದು. ಹೆಸರು ಹೇಳಿದ್ರೆ ನಿನಗೆ ಗೊತ್ತಾಗಿಬಿಡ್ತಿತ್ತು. ಇವರೇ ಹೋಗಿ ತಂದಿದ್ದು.”

ಮುಚ್ಚಳ ತೆಗೆದಳು. ‘ಅಮ್ಮನಿಗೆ’ ಅಂತ ಬರೆದಿತ್ತು. ಮೂಲೆಯಲ್ಲಿ ದೊಡ್ಡ ಗುಲಾಬಿ, ಎಡಕ್ಕೆ ಬಾಗಿದ ಹಸಿರು ಎಲೆ.

“ನೋಡು, ಕೊನೆಗೂ ನಿನ್ನ ಕೈರುಚಿ ನಿನಗೇ ಸಿಕ್ತು,” ಅಂದ ಗಂಡ, ಬೈಗುಳ ತಪ್ಪಿತೆಂಬ ಧೈರ್ಯದಲ್ಲಿ.

ಕೋಣೆಯಲ್ಲಿ ವೆನಿಲ್ಲಾದ ವಾಸನೆ ಗಪ್ಪೆಂದು ಹರಡಿತ್ತು. ಆ ವಾಸನೆ ಯಾಕೆ ಅಷ್ಟು ಜೋರಾಗಿದೆ ಅಂತ ಅಲ್ಲಿ ಗೊತ್ತಿದ್ದದ್ದು ಗುಲಾಬಿ ಅಕ್ಕನೊಬ್ಬಳಿಗೇ. ಏನಾದರೂ ಹೇಳುವ ಮೊದಲೇ ಮೊಮ್ಮಗಳು ಬಗ್ಗಿ, ಅಳಿಯ ಹಚ್ಚಿಟ್ಟ ಮೇಣದಬತ್ತಿಗಳನ್ನು ಎಂಜಲು ಹಾರುವಷ್ಟು ಜೋರಾಗಿ ಊದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೇಳಿದರೆ ಮಗಳು ಇಷ್ಟು ವರ್ಷ ಮೆರೆದದ್ದೆಲ್ಲ ಮಣ್ಣುಪಾಲು. ಹೇಳದಿದ್ದರೆ ಮನೆಮಂದಿಯೆಲ್ಲ ತಿನ್ನುತ್ತಾರೆ. ಹೇಗಾದರೂ ಕೈತಪ್ಪಿಸಿ ಕೆಳಗೆ ಬೀಳಿಸಿದರೆ? ಅಷ್ಟು ಯೋಚಿಸುವುದರೊಳಗೆ ಮಗಳು ಚಾಕು ಆಡಿಸಿಬಿಟ್ಟಿದ್ದಳು.

“ಗುಲಾಬಿ ನಂಗೇ! ಗುಲಾಬಿ ನಂಗೇ!” ಮಗು ಕುಣಿಯಿತು.

“ತಗೋ ನನ್ನ ರಾಣಿ, ಅಜ್ಜಿ ಮಾಡಿದ ಹೂವು,” ಅಂತ ಮಗಳು ಗುಲಾಬಿಯಿದ್ದ ತುಂಡನ್ನು ಅದರ ಕೈಗಿಟ್ಟಳು.

ಮಗು ಬಾಯಿ ಅಗಲಿಸಿತು. ಗುಲಾಬಿ ಅಕ್ಕ ಅದರ ಮುಂಗೈ ಹಿಡಿದು ಕಿತ್ತುಕೊಂಡಳು. ತುಂಡು ನೆಲಕ್ಕೆ ಬಿತ್ತು. ಮಗು ಕಿರುಚಿ ಅಳತೊಡಗಿತು.

“ಏನಮ್ಮಾ ಇದು? ನಿನಗೆ ಕೇಕು ಕಂಡರೆ ಆಗಲ್ಲ ಅಂದ್ರೆ ಮಗು ಕೈಯಿಂದ ಕಿತ್ಕೋಬೇಕಾ?”

“ತಿನ್ನಬೇಡಿ. ಹಳಸಿದೆ.”

“ಇವತ್ತು ತಾನೇ ನೀನೇ ಮಾಡಿದ್ದು!”

“ನಾನೇ ಮಾಡಿದ್ದಕ್ಕೇ ಹೇಳ್ತಿರೋದು.”

ಅವಳು ಉಳಿದ ಕೇಕಿನ ಮೇಲಿನ ಹೊಸ ಕ್ರೀಮನ್ನು ಬೆರಳಿನಿಂದಲೇ ಸರಿಸಿ ತೋರಿಸಿದಳು. ಕೆಳಗೆ ಸರಿಯಾಗಿ ಕೆರೆಯದೆ ಉಳಿದಿದ್ದ ಹಳದಿ ಲೋಳೆ, ಸಕ್ಕರೆ ನೀರು ಕುಡಿದು ಒದ್ದೆ ಸ್ಪಂಜಿನಂತಾದ ಬಿರುಕು. ಅಳಿಯ ಬಗ್ಗಿ ಮೂಸಿದವನು ಕೈಯಿಂದ ಮೂಗು ಮುಚ್ಚಿಕೊಂಡ. ಎಲ್ಲಿಂದ ವಾಪಸ್ ಬಂತು, ಏನೇನು ಸುರಿದೆ, ಅಂಗಿ ಬದಲಿಸುವುದೆಂದರೆ ಏನು, ಎಲ್ಲವನ್ನೂ ಅವಳು ದನಿ ಏರಿಸದೆ ಹೇಳಿದಳು. ಹೇಳುತ್ತಾ ಹೇಳುತ್ತಾ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು.

ಮಗಳು ಚಾಕು ಕೆಳಗಿಟ್ಟಳು. “ಗೊತ್ತಿದ್ದೂ ಮಾಡಿದ್ಯಾ? ‘ಅಮ್ಮನಿಗೆ’ ಅಂತ ಬರೀವಾಗಲೂ?”

“ಬೇರೆ ಯಾರದೋ ಅಮ್ಮ ಅಂದ್ಕೊಂಡೆ.”

ಗಂಡ ತಲೆ ಕೆಳಗೆ ಹಾಕಿದ. ಮಗಳು ಮಗುವನ್ನು ಎತ್ತಿಕೊಂಡು ಅದರ ಕೈಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ತಾಯಿಯ ಮುಖ ನೋಡಲಿಲ್ಲ. ಶಾಲೆಯ ಗೆಳತಿಯರೆಲ್ಲ ಆ ಕಪಾಟಿನಿಂದಲೇ ತಿಂದದ್ದು ಅವಳಿಗೆ ನೆನಪಾಗಿರಬೇಕು.

“ನಾಳೆ ಬೆಳಿಗ್ಗೆನೇ ವಾಪಸ್ ತಗೊಂಡು ಹೋಗಿ ಆ ಯಜಮಾನನ ಮುಖದ ಮೇಲೆ ಎಸೀತೀನಿ,” ಅಂದ ಅಳಿಯ.

“ವಾಪಸ್ ಬೇಡಪ್ಪಾ,” ಅಂದಳು ಗುಲಾಬಿ ಅಕ್ಕ. “ಕೊಟ್ರೆ ನಾಳೆ ನನ್ನ ಕೈಲೇ ಅದಕ್ಕೆ ಇನ್ನೊಂದು ಅಂಗಿ ಹಾಕಿಸ್ತಾರೆ.”

ಯಾರೂ ನಗಲಿಲ್ಲ. ಅವಳು ಕೇಕನ್ನು ಕಸದ ಬುಟ್ಟಿಗೆ ಸುರಿದಳು. ಅಷ್ಟಕ್ಕೇ ಸಮಾಧಾನವಾಗದೆ, ಅದು ಕೇಕೋ ಕೆಸರೋ ಗೊತ್ತಾಗದ ಹಾಗೆ ಮುಷ್ಟಿಯಿಂದ ಹಿಸುಕಿದಳು. ಮೊಣಕೈವರೆಗೆ ಜಿಡ್ಡಾಯಿತು. ಬಚ್ಚಲಿಗೆ ಹೋಗಿ ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿಕೊಂಡಳು. ಹೊರಗೆ ಬಂದಾಗ ಮಗಳ ಚಪ್ಪಲಿ ಬಾಗಿಲಲ್ಲಿ ಇರಲಿಲ್ಲ. ಅಳಿಯನದೂ ಇರಲಿಲ್ಲ.

ಮರುದಿನ ಅವಳ ಮೇಜಿನ ಮೇಲೆ ವಾಪಸ್ ಬಂದ ಇನ್ನೊಂದು ಕೇಕು ಕಾದಿತ್ತು. ಅವಳು ಅದನ್ನು ಹಲಗೆ ಸಮೇತ ಎತ್ತಿ ಬಕೆಟ್ಟಿಗೆ ಮಗುಚಿದಳು. ಸದ್ದು ಕೇಳಿ ಬಂದ ಯಜಮಾನ ಬಕೆಟ್ಟನ್ನೂ ಅವಳನ್ನೂ ನೋಡಿದ.

“ಏನಕ್ಕಾ, ಕೈ ಜಾರ್ತಾ?”

“ಇಲ್ಲ. ಬೇಕಂತಲೇ ಹಾಕಿದ್ದು.”

ಯಜಮಾನ ಅವಳ ಜಾಗ ಬದಲಿಸಿದ. ಗುಲಾಬಿ ಅಕ್ಕ ಈಗ ಅದೇ ಬೇಕರಿಯ ಬ್ರೆಡ್ಡಿನ ಕೋಣೆಯಲ್ಲಿ ಹಿಟ್ಟು ತೂಗುತ್ತಾಳೆ. ಕ್ರೀಮಿನ ಮೇಜಿಗೆ ಹೊಸಬಳೊಬ್ಬಳು ಬಂದಿದ್ದಾಳೆ. ಅವಳಿಗೆ ಗುಲಾಬಿ ಇನ್ನೂ ಸರಿಯಾಗಿ ಬರುವುದಿಲ್ಲ, ಅಂಗಿ ಬದಲಿಸುವುದನ್ನು ಕಲಿತಿದ್ದಾಳೆ.