ಕಲ್ಲು ಹಾಕಿ ಕಿವಿಗೊಟ್ಟವರು

ಮಿಸ್ತ್ರಿ ಕಾಕಾನ ಬಲಗಿವಿಯ ಅಂಚಿಗೆ ಸದಾ ತುಕ್ಕಿನ ಕೆಂಪು. ಬೋರಿನ ಕಬ್ಬಿಣದ ಪೈಪಿನ ಬಾಯಿಗೆ ವರ್ಷಗಟ್ಟಲೆ ಕಿವಿ ಹಚ್ಚಿ ಕೂತು ಬಂದದ್ದು ಅದು. ಹಬ್ಬದ ದಿನ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ಜಳಕ ಮಾಡಿದರೂ ಹೋಗುತ್ತಿರಲಿಲ್ಲ. "ಇದು ನನ್ನ ಲೈಸನ್ಸ್ ಅದರಿ ಟೀಚರ್" ಎಂದು ಕಿವಿ ಜಗ್ಗಿ ತೋರಿಸುತ್ತಿದ್ದರು.

ಭಾಲ್ಕಿಯಿಂದ ಔರಾದಿನ ಶಾಲೆಗೆ ಟೀಚರಾಗಿ ಹೋದ ನನಗೆ ಅವರ ಮನೆಗೆ ಅಂಟಿದ ಕೋಣೆ ಬಾಡಿಗೆಗೆ ಸಿಕ್ಕಿತ್ತು. ನಡುವೆ ಒಂದೇ ಗೋಡೆ. ಬೋರಿಗೆ ಮೋಟಾರು ಇಳಿಸುವುದು, ಎತ್ತುವುದು ಅವರ ಕೆಲಸ. ಹೆಂಡತಿ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎದುರು ಮನೆಯ ಅಕ್ಕ ದಿನಾ ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಮೇಲೊಂದಿಷ್ಟು ಪುಂಡಿಪಲ್ಯ ತಂದುಕೊಡುತ್ತಿದ್ದಳು. ಅವಳ ಹೊಲದ ಬೋರು ಕೆಟ್ಟರೆ ಕಾಕಾ ಕರೆಯುವ ಮೊದಲೇ ಹೋಗಿ ನಿಂತಿರುತ್ತಿದ್ದರು.

ಮಳೆ ಕೈಕೊಟ್ಟ ಎರಡನೇ ವರ್ಷ ಬೋರುಗಳು ಒಂದೊಂದಾಗಿ ನಿಂತವು. ಕಾಕಾ ಮೋಟಾರು ಎತ್ತಿಸಿ, ಒಂದು ಹರಳುಗಲ್ಲು ಒಳಗೆ ಬಿಟ್ಟು, ಕಿವಿ ಹಚ್ಚಿ, ಬೆರಳು ಮಡಚಿ ಎಣಿಸುತ್ತಿದ್ದರು. ಗುಳುಕ್ ಅಂದರೆ ನೀರಿದೆ, ಇನ್ನೆರಡು ಪೈಪು ಇಳಿಸಿದರೆ ಸಾಕು. ಏನೂ ಕೇಳದಿದ್ದರೆ ತಳದಲ್ಲಿ ಬರೀ ಕೆಸರು, ಕಥೆ ಮುಗಿದಂತೆ. ಅವರು ಬಾಯಿ ತೆರೆಯುವವರೆಗೆ ಯಾರೂ ಪಿಟ್ಟೆನ್ನಬಾರದು, ತೆರೆದ ಮೇಲೆ ಎರಡನೇ ಕಲ್ಲು ಹಾಕಬಾರದು. ಅದು ಅಲ್ಲಿನ ರಿವಾಜು.

ಅಕ್ಕನ ಬೋರು ನಿಂತದ್ದು ಒಂದು ರವಿವಾರ. ನಾನೂ ಹೊಲಕ್ಕೆ ಹೋಗಿದ್ದೆ. ಕಾಕಾ ಕಲ್ಲು ಬಿಟ್ಟರು, ಬೆರಳು ಮಡಚಿದರು, ಎದ್ದು ಮೊಳಕಾಲಿನ ಮಣ್ಣು ಜಾಡಿಸಿಕೊಂಡರು.

"ಬತ್ಯದ ಅವ್ವಾ. ಬರೀ ರಾಡಿ ಅದ."

ನನಗೆ ಗುಳುಕ್ ಎಂದು ಕೇಳಿತ್ತು. ಸಣ್ಣಗೆ, ಆದರೆ ಕೇಳಿತ್ತು. ಸೀಮೆಸುಣ್ಣ ಹಿಡಿಯುವವಳು ನಾನು, ಮಿಸ್ತ್ರಿಯ ಮುಂದೆ ನನ್ನದೇನು ಎಂದು ಬಾಯಿ ಮುಚ್ಚಿಕೊಂಡೆ. ಎಂಟು ದಿನದಲ್ಲಿ ಅಕ್ಕ ಮತ್ತು ಗಂಡ ಎಮ್ಮೆ ಮಾರಿ, ಬಾಗಿಲಿಗೆ ಬೀಗ ಜಡಿದು, ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ಅವರ ಹಿಂದೆಯೇ ಓಣಿಯ ಮುಕ್ಕಾಲು ಮನೆಗಳು ಖಾಲಿಯಾದವು.

ಕಾಕಾ ತಾವೇ ರೊಟ್ಟಿ ಬಡಿಯಲು ಹೋಗಿ ಸುಟ್ಟುಕೊಂಡು ತಿನ್ನತೊಡಗಿದರು. ಅವರ ರೇಡಿಯೋ ದಿನದಿನಕ್ಕೆ ಜೋರಾಯಿತು. ಒಂದು ಸಂಜೆ ನನ್ನ ತಲೆ ಕೆಟ್ಟುಹೋಯಿತು. ಅವರ ಬಾಗಿಲಲ್ಲಿ ನಿಂತು ಕೂಗಿದೆ: "ಇಡೀ ಔರಾದಿಗಿ ಕೇಳಸಬೇಕೇನ್ರಿ ಕಾಕಾ?"

"ಓಣಿ ಸುಮ್ಮ ಆಗ್ಯದರಿ. ರೇಡಿಯೋನರ ಮಾತಾಡ್ಲಿ. ನೀವೂ ಇತ್ತಿತ್ತಲಾಗಿ ಮಾತು ನುಂಗ್ತೀರಿ."

ಸಿಟ್ಟಿನಲ್ಲಿ ಬಂದೇಬಿಟ್ಟಿತು. "ಒಂದೇ ಮಾತು ನುಂಗೀನಿ ಕಾಕಾ! ಅಕ್ಕನ ಬೋರಿನಾಗ ನೀರಿತ್ತು. ನನಗ ಕೇಳಿತ್ತು."

"ಮೂವತ್ತು ವರ್ಷದ ಕಿವಿ ಇದು!" ಎಂದು ಗುಡುಗಿದರು. ಗುಡುಗಿದವರೇ ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲದ ದಾರಿ ಹಿಡಿದರು. ನಾನು ಹಿಂದೆ ಓಡಿದೆ.

ಬೋರಿನ ಬಾಯಿಗೆ ಕಟ್ಟಿದ್ದ ಗೋಣಿ ಬಿಚ್ಚಿ, "ಆ ಕಡಿ ಮುಖ ಮಾಡ್ರಿ. ಆವಾಜ್ ಕೇಳಿದ್ರ ಚಿಟಿಕಿ ಹೊಡೀರಿ" ಅಂದರು. ಮೂರು ಸಲ ಕಲ್ಲು ಬಿಟ್ಟರು. ಮೂರು ಸಲವೂ ನಾನು ಚಿಟಿಕೆ ಹೊಡೆದೆ. ತಿರುಗಿ ನೋಡಿದರೆ ಕಿವಿ ಪೈಪಿಗೆ ಹಚ್ಚಿದಂತೆಯೇ ಇತ್ತು, ಕಣ್ಣು ನನ್ನ ಬೆರಳ ಮೇಲೆ ನೆಟ್ಟಿತ್ತು.

"ಅವತ್ತೇ ಯಾಕ ಹೇಳ್ಲಿಲ್ಲ ತಂಗಿ?"

ನಾನು ಗೋಣಿ ಎತ್ತಿ ಬೋರಿನ ಬಾಯಿಗೆ ಮತ್ತೆ ಕಟ್ಟತೊಡಗಿದೆ. ಅವರು ಮತ್ತೆಂದೂ ಅದನ್ನು ಕೇಳಲಿಲ್ಲ. ತಲೆ ಎತ್ತಿ ಮೇಲೆ ನೋಡಿ, "ಮಂದಿ ಜೋಡಿ ಗುಬ್ಬಿನೂ ಊರು ಬಿಟ್ಟಾವ ಅಂದಕೊಂಡಿದ್ದೆ" ಅಂದರು. ನಮ್ಮ ತಲೆಯ ಮೇಲಿನ ಬೇವಿನ ಮರದಲ್ಲಿ ಗುಬ್ಬಿಗಳು ಗಲಾಟೆ ಎಬ್ಬಿಸಿದ್ದವು.

ಮರುದಿನ ಕಿವಿ ತೋರಿಸಲು ಅವರನ್ನು ಬೀದರಿನ ಬಸ್ಸು ಹತ್ತಿಸಿದೆ. ಜನವಾಡ ಬಂದಾಗ ಇಳಿಯಲು ಎದ್ದೇಬಿಟ್ಟರು. "ಕಿವಿಗಿ ಮಷೀನ್ ಹಾಕ್ಕೊಂಡ ಮಿಸ್ತ್ರಿಗಿ ಯಾರು ಕರೀತಾರ? ಬ್ಯಾಡ, ಹಿಂಗೇ ಇರ್ತೇನಿ."

"ಇಳೀರಿ. ಅಕ್ಕಗ ಏನ್ ಹೇಳ್ತೀರಿ?" ಎಂದು ಅವರ ಕಿವಿಯ ಹತ್ತಿರ ಜೋರಾಗಿ ಕೇಳಿದೆ. ಬಸ್ಸಿನವರೆಲ್ಲ ನಮ್ಮನ್ನು ನೋಡಿದರು. ಕಾಕಾ ಬಾಗಿಲು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ಸೀಟಿಗೆ ಕುಸಿದರು.

ಕಿವಿಯ ಡಾಕ್ಟರ ಮುಂದೆ ಮಾತ್ರ ಖಡಕ್ಕಾಗಿ ಹೇಳಿದರು: "ಮಂದಿ ಮಾತು ಕೇಳದಿದ್ರ ನಡೀತದರಿ ಸಾಹೇಬ್ರ. ನೀರಿನ ಆವಾಜ್ ಕೇಳಿದ್ರ ಸಾಕು." ಡಾಕ್ಟರು ನಕ್ಕು, "ಮಷೀನಿಗಿ ಆರಿಸಿ ಕೇಳಸೋದು ಬರಂಗಿಲ್ಲ ಅಜ್ಜಾ, ಬಂದ್ರ ಎಲ್ಲಾನೂ ಬರ್ತದ" ಅಂದರು. ಅಂಗಿಯ ಜೇಬಿಗೆ ಒಂದು ಡಬ್ಬಿ, ಅದರಿಂದ ಕಿವಿಗೊಂದು ವಯರು. ಬಸ್ ಸ್ಟ್ಯಾಂಡಿನಲ್ಲಿ ಹಾರ್ನ್ ಕೇಳಿ ಬೆಚ್ಚಿಬಿದ್ದರು, ಆಮೇಲೆ ಹಲ್ಲು ಕಾಣುವಂತೆ ನಕ್ಕರು. ಬಸ್ಸಿನಲ್ಲಿ ಯಾರೋ ಶೇಂಗಾ ಸುಲಿಯುವ ಸಪ್ಪಳವನ್ನೂ ನನಗೆ ತೋರಿಸಿಕೊಟ್ಟರು.

ಓಣಿಯ ಬಾಯಿಗೆ ಬಂದು ನಿಂತರು. ಬಹಳ ಹೊತ್ತು ನಿಂತರು. ಡಬ್ಬಿಯ ತಿರುಪು ಒಮ್ಮೆ ತಿರುವಿದರು.

"ಟೀಚರ್, ಮಷೀನ್ ಚಾಲೂ ಅದನ?"

"ಅದ ಕಾಕಾ."

"ಮತ್ತ ಓಣಿ?"

"ಓಣಿ ಖಾಲಿನೇ ಅದ, ಕಾಕಾ."

ಹೂಂ ಎಂದು ಬೀಗ ತೆಗೆದು ಒಳಗೆ ಹೋದರು. ಅಂದು ಗೋಡೆಯಾಚೆ ರೇಡಿಯೋ ಹಚ್ಚಲಿಲ್ಲ. ನನಗೆ ಕೋಣೆಯಲ್ಲಿ ಕೂರಲಾಗಲಿಲ್ಲ.

ಬೆಳಿಗ್ಗೆ ಅಕ್ಕನ ಬೋರಿಗೆ ಕಲ್ಲು ಬಿಟ್ಟು ತಾವೇ ಗುಳುಕ್ ಕೇಳಿದರು. ನೇರ ಟೆಲಿಫೋನ್ ಬೂತಿಗೆ ಬಂದು, ಅಕ್ಕ ಕೊಟ್ಟುಹೋಗಿದ್ದ ಕಿರಾಣಿ ಅಂಗಡಿಯ ನಂಬರಿಗೆ ಹಚ್ಚಿಸಿ, ಅವಳನ್ನು ಕರೆಸಿದರು. "ನಿನ್ನ ಬೋರಿನಾಗ ನೀರದ ಅವ್ವಾ. ಹೋಗಿದ್ದು ನನ್ನ ಕಿವಿ. ತಪ್ಪು ನಂದು." ಆಮೇಲೆ ಸುಮ್ಮನೆ ಕೇಳುತ್ತ ನಿಂತರು. ಫೋನಿಟ್ಟು, "ಎಮ್ಮಿ ಮಾರೇವಿ, ಬಂದು ಏನ್ ಮಾಡ್ಲಿ ಅಂತಾಳ. ಅಳೋದೆಲ್ಲ ಸಾಫ್ ಕೇಳಸ್ತು" ಅಂದರು.

ಆ ಬೋರಿಗೆ ತಾವೇ ಎರಡು ಪೈಪು ಹೆಚ್ಚಿಗೆ ಇಳಿಸಿದರು. ಓಣಿಯಲ್ಲಿ ಉಳಿದ ನಾಲ್ಕು ಮನೆಗೆ ಅದೇ ನೀರಾಯಿತು. ದಿನಾ ಬೆಳಿಗ್ಗೆ ಒಂದು ಕೊಡ ತಂದು ಬೀಗ ಹಾಕಿದ ಅಕ್ಕನ ಮನೆಯ ಅಂಗಳಕ್ಕೆ ಚಿಮುಕಿಸುತ್ತಿದ್ದರು. ಕೆಲಸಕ್ಕೆ ಕರೆದವರಿಗೆ ಮೊದಲೇ ಹೇಳುತ್ತಿದ್ದರು: "ನನ್ನ ಕಿವಿ ಮಂದ ಅವರಿ. ನಿಮಗೇನರ ಕೇಳಿದ್ರ ಬಾಯಿಬಿಟ್ಟು ಹೇಳ್ರಿ." ರಿವಾಜು ಮುರಿದವರು ಅವರೇ. ಕರೆಯುವವರು ಕಡಿಮೆಯಾದರು, ಆದರೂ ಹೇಳುವುದು ಬಿಡಲಿಲ್ಲ.

ಮಷೀನು ಹಾಕಿಸಿದ ಮೂರನೇ ವರ್ಷ ಮನೆ ಮುಂದಿನ ಕಟ್ಟೆಯ ಮೇಲೆ ಕೂತಲ್ಲೇ ತೀರಿಕೊಂಡರು. ಜೇಬಿನ ಮಷೀನು ಚಾಲೂ ಇತ್ತು. ಅಕ್ಕ ಮಣ್ಣು ಮಾಡುವ ಹೊತ್ತಿಗೆ ಬಂದಳು, ನೀರು ಕಂಡಿದ್ದ ಅಂಗಳ ನೋಡಿ ಗೋಳಾಡಿ ಅತ್ತಳು, ಮರುದಿನ ಹೈದರಾಬಾದಿಗೆ ಹೊರಟುಹೋದಳು.

ಈಗ ನಾನು ಬೀದರಿನ ಮೈಲೂರಿನಲ್ಲಿ ಮಗಳೊಂದಿಗಿದ್ದೇನೆ. ಹೋದ ವಾರ ಅವಳು ಟೀವಿ ಸಣ್ಣ ಮಾಡಿ, "ಅಮ್ಮಾ, ಸಿಟ್ಟಾಗಬ್ಯಾಡ. ನಿನಗ ಕಿವಿ ಕೇಳಸ್ವಲ್ದು" ಅಂದಳು. ಸಿಟ್ಟು ಬಂತು, ಸುಳ್ಳು ಹೇಳಲಾರೆ. ಆದರೂ ಅಡುಗೆಮನೆಯ ನಲ್ಲಿ ಹನಿಯುವಷ್ಟು ತಿರುವಿ, ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. "ಹನಿ ಕೇಳಿದಾಗೊಮ್ಮೆ ಚಿಟಿಕಿ ಹೊಡಿ" ಅಂದೆ.

ಅವಳ ಬೆರಳು ಆಡುತ್ತಲೇ ಇತ್ತು. ನನಗೆ ಒಂದು ಹನಿಯೂ ಕೇಳಲಿಲ್ಲ. ನಾಳೆ ಹೋಗಿ ಮಷೀನು ಹಾಕಿಸಿಕೊಳ್ಳುತ್ತೇನೆ. ನನ್ನ ಮಗಳು ಬಾಯಿಬಿಟ್ಟು ಹೇಳಿದಳು, ಕಾಕಾ. ನಾನು ನಿಮಗೆ ಹೇಳಿರಲಿಲ್ಲ.