ಸುಣ್ಣದ ಬುಡಕಿನ ಗೆರಿ

ಗೋಕಾಕದಾಗ ಹೊಳಿದಂಡಿಗೆ ನಮ್ಮ ಓಣಿ. ಹೊಳಿ ಮನಿಯೊಳಗ ಹೊಕ್ಕಾಗೆಲ್ಲಾ ಗ್ವಾಡಿ ಮ್ಯಾಲೆ ರಾಡಿ ಗೆರಿ ಉಳೀತೈತಿ. ಗೆರಿ ಕಂಡ್ರ ಯಾರೂ ಹೆಣ್ಣು ಕೊಡಂಗಿಲ್ಲಂತ ಎಲ್ಲಾರೂ ಸುಣ್ಣಾ ಹಚ್ಚಿ ಮುಚ್ಚತೇವಿ. ಬಾಜೂಮನಿ ಅಲ್ಲವ್ವ ಮುದುಕಿ ಒಬ್ಬಾಕಿನ ಮುಚ್ಚಂಗಿಲ್ಲ.

ಮೊನ್ನೆ, ಹೊಳಿಗೆ ತಡಿಗ್ವಾಡಿ ಎಷ್ಟು ಎತ್ತರ ಕಟ್ಟಬೇಕಂತ ನೋಡಾಕ ಸಾಹೇಬ್ರು ಬಂದ್ರು. ಎಲ್ಲಾರೂ "ನಮ್ಮನ್ಯಾಗ ನೀರು ಬಂದಿಲ್ರಿ" ಅಂದ್ರು. ಏನ್ ಮಂದಿನೋ. ನಾನೂ ನಮ್ಮ ಗ್ವಾಡಿ ಸುಣ್ಣಕ್ಕ ಬೆನ್ನು ಹಚ್ಚಿ ನಿಂತೆ.

ಅಲ್ಲವ್ವ ಒಬ್ಬಾಕಿನ ತನ್ನ ಗ್ವಾಡಿ ಗೆರಿ ತೋರಿಸಿದ್ಳು. "ಒಂದ ಮನಿ ಗೆರಿ ನಂಬಿ ಕಟ್ಟಾಕ ಬರಂಗಿಲ್ಲವ್ವಾ" ಅಂತ ಸಾಹೇಬ್ರು ಹೊಂಟ್ರು.

ಅಲ್ಲವ್ವ ಕುರ್ಪಿ ತಂದು ಎದರಮನಿ ಸತ್ಯಪ್ಪನ ಗ್ವಾಡಿ ಕೆರ್ಯಾಕ ಹತ್ತಿದ್ಳು.

"ಏ ಆಯಿ, ಮಗನ ಲಗ್ನ ಐತಿ" ಅಂದ ಸತ್ಯಪ್ಪ.

"ಬರೂ ಸೊಸಿಗೆ ಈಜಾಕ ಕಲಸ್ತೀಯೇನ?"

ಸುಣ್ಣದ ಬುಡಕ ಎದಿಮಟ ರಾಡಿ ಕಾಣ್ತು. ಸಾಹೇಬ್ರು ತಿರುಗಿ ಬಂದು ಟೇಪ್ ಬಿಚ್ಚಿದ್ರು. ನಾನೂ ಮನಿಗೆ ಹೋಗಿ ಕುರ್ಪಿ ತಂದೆ.